ವಿನೋಬನಗರದ ಮನೆ, ಸರ್ಕಾರದ ಸೂಚ್ಯಂಕ: ಒಂದು ಪ್ರಕರಣ ಅಧ್ಯಯನ

"ಮನೆಯ ಇಂದಿನ ಬೆಲೆ 36 ಲಕ್ಷ ರೂಪಾಯಿ ಎಂದು ಮೂವರೂ ಒಪ್ಪಿರುತ್ತೇವೆ. ಮುಂದೆ ಪಾಲು ಮಾಡಿಕೊಳ್ಳುವಾಗ ಸರ್ಕಾರದ ಮನೆ ಬೆಲೆ ಸೂಚ್ಯಂಕದ ಪ್ರಕಾರ ಈ ಬೆಲೆಯನ್ನು ಏರಿಸಿಕೊಳ್ಳತಕ್ಕದ್ದು."

2013ರಲ್ಲಿ ಶಿವಮೊಗ್ಗದ ವಿನೋಬನಗರದ ಒಂದು ಕುಟುಂಬ ಛಾಪಾ ಕಾಗದದ ಮೇಲೆ ಬರೆದುಕೊಂಡ ಸಾಲುಗಳಿವು. ತಂದೆ ತೀರಿಕೊಂಡ ವರ್ಷ ಅದು. ಮಕ್ಕಳು ಮೂವರು. ಅಕ್ಕನನ್ನು ಸಾಗರಕ್ಕೆ ಕೊಟ್ಟಿದೆ. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ತಮ್ಮ ಊರಲ್ಲೇ ಅಂಗಡಿ ಇಟ್ಟುಕೊಂಡು ತಾಯಿಯ ಜೊತೆ ಆ ಮನೆಯಲ್ಲಿದ್ದರು. ತಾಯಿ ಇರುವಷ್ಟು ದಿನ ಮನೆಯ ತಂಟೆಗೆ ಹೋಗುವುದು ಬೇಡ, ಆಮೇಲೆ ತಮ್ಮನೇ ಮನೆ ಇಟ್ಟುಕೊಂಡು ಉಳಿದ ಇಬ್ಬರಿಗೆ ಪಾಲಿನ ದುಡ್ಡು ಕೊಡಲಿ ಅಂತ ಮಾತಾಗಿತ್ತು. 2024ರಲ್ಲಿ ತಾಯಿ ಹೋದರು. ವರ್ಷದ ಕಾರ್ಯ ಮುಗಿದ ಮೇಲೆ ಪತ್ರ ಬೀರುವಿನಿಂದ ಹೊರಗೆ ಬಂತು. ಅದರ ಜೊತೆಗೇ ತಕರಾರೂ ಬಂತು.

ತಮ್ಮನ ಆಡಿಟರ್ ಲೆಕ್ಕ ಹಾಕಿ 61.5 ಲಕ್ಷ ಅಂದರು. ಅಣ್ಣನ ಹಾಳೆಯಲ್ಲಿ 1 ಕೋಟಿ 8 ಲಕ್ಷ ಇತ್ತು. ಅಕ್ಕನ ಹತ್ತಿರ ಲೆಕ್ಕ ಇರಲಿಲ್ಲ, ಸುದ್ದಿ ಇತ್ತು. ಹಿಂದಿನ ಅಡ್ಡರಸ್ತೆಯ ಮನೆ 1 ಕೋಟಿ 65 ಲಕ್ಷಕ್ಕೆ ಹೋಯಿತಂತೆ. ಒಂದೇ ಮನೆ, ಮೂರು ಬೆಲೆ. ಮೂವರೂ "ಸರ್ಕಾರದ್ದೇ ಲೆಕ್ಕ" ಅಥವಾ "ಕಣ್ಣೆದುರಿನ ಲೆಕ್ಕ" ಅನ್ನುವವರೇ.

ಬ್ಯಾಂಕುಗಳಿಗೆ ಮನೆಗಳ ಮೌಲ್ಯಮಾಪನ ಮಾಡಿಕೊಡುವುದು ನನ್ನ ಕಸುಬು. ಈ ಕುಟುಂಬ ನನ್ನನ್ನು ಕರೆದದ್ದು ಬೆಲೆ ಕಟ್ಟಲು ಅಲ್ಲ, ಆ ಎರಡನೇ ವಾಕ್ಯವನ್ನು ಹೇಗೆ ಜಾರಿ ಮಾಡುವುದು ಅಂತ ಹೇಳಲು. ಇಂಥ ಪತ್ರ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಅನ್ನುವುದು ವಕೀಲರಿಗೆ ಬಿಟ್ಟದ್ದು. ಗುರುತು ಸಿಗಬಾರದು ಅಂತ ಇಲ್ಲಿ ಅಳತೆ, ರೂಪಾಯಿ, ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಹಾಗೇ ಇದೆ.

ಮನೆ ಹೀಗಿದೆ. 30×50 ಸೈಟು, ಅಂದರೆ 1,500 ಚದರಡಿ. 1989ರಲ್ಲಿ ಕಟ್ಟಿದ್ದು, 9 ಚದರದ, ಅಂದರೆ 900 ಚದರಡಿಯ ತಾರಸಿ ಮನೆ. ಪೂರ್ವಕ್ಕೆ ಬಾಗಿಲು, ಮುಂದೆ ಅಗಲವಾದ ರಸ್ತೆ. 2018ರಲ್ಲಿ ತಮ್ಮ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ, ಹಿಂದೆ ಒಂದು ಬಚ್ಚಲುಮನೆ ಹೊಸದು ಮಾಡಿಸಿದ್ದಾರೆ. ಸುಮಾರು 4 ಲಕ್ಷ ಖರ್ಚು. ನಮ್ಮೂರ ಮಳೆಗೆ ಶೀಟಿಲ್ಲದ ಹಳೇ ತಾರಸಿ ಸೋರದೇ ಇರುತ್ತದಾ? ಈ ಶೀಟಿನ ವಿಷಯ ಮುಂದೆ ಬರುತ್ತದೆ.

ತಮ್ಮನ ಲೆಕ್ಕ

ಆಡಿಟರ್ ಹಿಡಿದದ್ದು ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕ. 2001-02ಕ್ಕೆ 100 ಅಂತ ಇಟ್ಟುಕೊಂಡು ಪ್ರತಿ ವರ್ಷ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. 2013-14ಕ್ಕೆ ಅದು 220, 2025-26ಕ್ಕೆ 376. 376ನ್ನು 220ರಿಂದ ಭಾಗಿಸಿದರೆ 1.71. 36 ಲಕ್ಷಕ್ಕೆ ಗುಣಿಸಿದರೆ 61.5 ಲಕ್ಷ. ಗುಣಾಕಾರದಲ್ಲಿ ತಪ್ಪಿಲ್ಲ. ಸರ್ಕಾರದ್ದು ಅನ್ನುವುದೂ ನಿಜ. ಸೂಚ್ಯಂಕ ಅನ್ನುವುದೂ ನಿಜ.

ಆದರೆ ಇದರೊಳಗೆ ಮನೆಯೇ ಇಲ್ಲ. ನಗರ ಪ್ರದೇಶದ ಗ್ರಾಹಕ ಬೆಲೆ ಸೂಚ್ಯಂಕ ಹಿಂದಿನ ವರ್ಷ ಸರಾಸರಿ ಎಷ್ಟು ಏರಿತೋ ಅದರ ಶೇ 75ರಷ್ಟನ್ನು ಮಾತ್ರ ಇಲ್ಲಿ ಸೇರಿಸುತ್ತಾರೆ. ಅಂದರೆ ಅಕ್ಕಿ, ಎಣ್ಣೆ, ಬಸ್ ಚಾರ್ಜು, ಔಷಧಿ ಏರಿದ್ದರ ಮುಕ್ಕಾಲು ಪಾಲು. ಆ ಗ್ರಾಹಕ ಬೆಲೆಯ ಬುಟ್ಟಿಯಲ್ಲಿ ವಸತಿ ಅಂತ ಒಂದು ಬಾಬ್ತು ಇದೆ ನಿಜ, ಆದರೆ ಅದು ಬಾಡಿಗೆ. ಮನೆಯನ್ನು ಕೊಳ್ಳುವ ಬೆಲೆ ಅಲ್ಲ. ಬೆಲೆ ಏರಿಕೆಗಿಂತ ಸದಾ ಕಡಿಮೆ ಏರುವ ಹಾಗೆ ಕಟ್ಟಿದ ಅಂಕಿ ಇದು. ಪಾಲು ಕೊಡಬೇಕಾದವರಿಗೆ ಇಷ್ಟವಾಗುವುದು ಸಹಜ.

ಇದರ ಜಾಗ ತೆರಿಗೆ ಲೆಕ್ಕದಲ್ಲಿ. 2024ರ ಜುಲೈ 23ಕ್ಕಿಂತ ಮುಂಚೆ ಬಂದ ಜಾಗ, ಮನೆಗೆ ದೇಶದಲ್ಲಿ ವಾಸವಿರುವ ವ್ಯಕ್ತಿಗಳು ಬಂಡವಾಳ ಲಾಭದ ತೆರಿಗೆಯನ್ನು ಎರಡು ಬಗೆಯಲ್ಲಿ ನೋಡಬಹುದು. ಸೂಚ್ಯಂಕ ಹಾಕದೆ ಶೇ 12.5, ಇಲ್ಲವೇ ಸೂಚ್ಯಂಕ ಹಾಕಿ ಶೇ 20. ಯಾವುದು ಕಡಿಮೆಯೋ ಅದು. ಅಕ್ಕ, ಅಣ್ಣ ತಮ್ಮ ಪಾಲಿನ ದುಡ್ಡು ತೆಗೆದುಕೊಂಡ ಮೇಲೆ ಇದೇ 376 ಅವರ ಕೆಲಸಕ್ಕೆ ಬರುತ್ತದೆ. ಬೆಲೆ ನಿರ್ಧಾರಕ್ಕೆ ಬರುವುದಿಲ್ಲ.

ಅಣ್ಣನ ಲೆಕ್ಕ

2013ರಲ್ಲಿ ಆ ವಾಕ್ಯ ಬರೆಸಿದವರೇ ಅಣ್ಣ. ಆಗ ಅವರ ತಲೆಯಲ್ಲಿದ್ದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್. ನಮ್ಮ ದೇಶದಲ್ಲಿ ಸರ್ಕಾರಿ ಮನೆ ಬೆಲೆ ಸೂಚ್ಯಂಕ ಅಂದರೆ ಮುಖ್ಯವಾಗಿ ಎರಡು. ಒಂದು ಇದು, ಇನ್ನೊಂದು ರಿಸರ್ವ್ ಬ್ಯಾಂಕಿನದ್ದು.

ರೆಸಿಡೆಕ್ಸ್ ಶುರುವಾದದ್ದು 2007ರಲ್ಲಿ. ಮೊದಲು ಐದು ನಗರ, ಅದರಲ್ಲಿ ಬೆಂಗಳೂರೂ ಒಂದು. ಆಧಾರ ವರ್ಷ, ಅಂದರೆ ಸೂಚ್ಯಂಕವನ್ನು 100 ಅಂತ ಇಟ್ಟುಕೊಳ್ಳುವ ವರ್ಷ, ಆಗ 2001. ಆಮೇಲೆ ಆಧಾರ ವರ್ಷ 2007 ಆಯಿತು, ನಂತರ 2012-13, ಈಗ 2017-18. ನಗರಗಳು 50ಕ್ಕೆ ಏರಿವೆ. ಪ್ರತಿ ಮೂರು ತಿಂಗಳಿಗೆ ಅಂಕಿ ಬರುತ್ತದೆ. ಬೇರು ಮಾತ್ರ ಸಾಲ ಕೊಡುವ ಬ್ಯಾಂಕುಗಳಲ್ಲಿದೆ. ಯಾರೋ ಮನೆ ಸಾಲಕ್ಕೆ ಅರ್ಜಿ ಹಾಕುತ್ತಾರೆ, ಬ್ಯಾಂಕು ನನ್ನಂಥವರನ್ನು ಕಳಿಸುತ್ತದೆ, ನಾವು ಟೇಪು ಹಿಡಿದು ಅಳೆದು ಇಷ್ಟು ಬೆಲೆ ಅಂತ ಬರೆಯುತ್ತೇವೆ. ಆ ಮೌಲ್ಯಮಾಪನದ ಅಂಕಿಗಳನ್ನು ಬ್ಯಾಂಕುಗಳು, ವಸತಿ ಸಾಲ ಕಂಪನಿಗಳಿಂದ ಒಟ್ಟು ಮಾಡುತ್ತಾರೆ. ಕಟ್ಟುತ್ತಿರುವ ಮನೆಗಳ ಮಾರುಕಟ್ಟೆ ಬೆಲೆಗೆ ಬೇರೆ ಸೂಚ್ಯಂಕ ಇದೆ.

ರಿಸರ್ವ್ ಬ್ಯಾಂಕ್ ಇನ್ನೊಂದು ಬಾಗಿಲಿನಿಂದ ಹೋಗುತ್ತದೆ. ಅದು ನೋಡುವುದು ರಾಜ್ಯಗಳ ನೋಂದಣಿ ಇಲಾಖೆಯ ದಾಖಲೆಗಳನ್ನು, ಅಂದರೆ ಕ್ರಯಪತ್ರದಲ್ಲಿ ಬರೆದ ಬೆಲೆಯನ್ನು. 2010-11 ಆಧಾರದ ಅದರ ಸರಣಿಯಲ್ಲಿ ಇದ್ದದ್ದು ಹತ್ತು ನಗರ. ಕರ್ನಾಟಕದಿಂದ ಬೆಂಗಳೂರು ಮಾತ್ರ. ಪತ್ರಿಕೆಗಳಲ್ಲಿ "ದೇಶದಲ್ಲಿ ಮನೆ ಬೆಲೆ ಇಷ್ಟು ಏರಿಕೆ" ಅಂತ ಬಂದಾಗ ಆ ದೇಶ ಅಂದರೆ ಆ ಕೆಲವೇ ಊರುಗಳು ಅಂತ ತಿಳಿಯಬೇಕು.

ರೆಸಿಡೆಕ್ಸ್‌ನ 50ರಲ್ಲೂ ನಮ್ಮ ರಾಜ್ಯದಿಂದ ಇರುವುದು ಬೆಂಗಳೂರು ಒಂದೇ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು, ಆ 50ರಲ್ಲಿ ಹಲವು ಸ್ಮಾರ್ಟ್ ಸಿಟಿಗಳೂ ಇವೆ. ನಮ್ಮದು ಇಲ್ಲ. ಅಲ್ಲಿಗೆ ಪತ್ರದ ಎರಡನೇ ವಾಕ್ಯ ಬಿದ್ದುಹೋಯಿತು. ಶಿವಮೊಗ್ಗದ ಮನೆಗೆ ಸರ್ಕಾರದ ಮನೆ ಬೆಲೆ ಸೂಚ್ಯಂಕ ಅನ್ನುವುದು 2013ರಲ್ಲೂ ಇರಲಿಲ್ಲ, ಈಗಲೂ ಇಲ್ಲ.

"ಬೆಂಗಳೂರಿನದ್ದೇ ಹಾಕೋಣ ಸಾರ್, ಹತ್ತಿರದ್ದು ಅದೇ ಅಲ್ವಾ" ಅಂದರು ಅಣ್ಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನ ಅಂಕಿಯಲ್ಲಿ ಕೂತಿರುವುದು ಬಹುಪಾಲು ಫ್ಲ್ಯಾಟು. ಫ್ಲ್ಯಾಟಿನ ಬೆಲೆಯಲ್ಲಿ ಕಟ್ಟಡದ್ದೇ ದೊಡ್ಡ ಪಾಲು. ನಮ್ಮಲ್ಲಿ ಮಾರಾಟ ಆಗುವುದು ಸೈಟು, ಇಲ್ಲವೇ ಸೈಟಿನ ಮೇಲಿನ ಸ್ವತಂತ್ರ ಮನೆ. ವಿನೋಬನಗರದ ಹಳೇ ಮನೆಯ ಬೆಲೆಯಲ್ಲಿ ಹತ್ತಕ್ಕೆ ಎಂಟು ಪಾಲು ಜಾಗದ್ದು. ಅಲ್ಲಿ ಬೆಲೆ ಏರಿಸುವುದು ಐಟಿ ಸಂಬಳ. ಇಲ್ಲಿ ಅಡಿಕೆ ದರ, ನೌಕರರ ನಿವೃತ್ತಿ ಹಣ, ತೀರ್ಥಹಳ್ಳಿ ಹೊಸನಗರ ಕಡೆಯವರು ಮಕ್ಕಳ ಓದಿಗೆ ಅಂತ ಊರಲ್ಲಿ ಮಾಡಿಕೊಳ್ಳುವ ಮನೆ. ಕ್ವಿಂಟಲ್ ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ಸೈಟಿನ ಬ್ರೋಕರ್‌ಗಳ ಮುಖ ನೋಡಬೇಕು. ಎರಡು ಊರಿನ ಬೆಲೆ ಒಟ್ಟಿಗೇ ಏರಬೇಕು ಅಂತ ಎಲ್ಲೂ ಬರೆದಿಲ್ಲ.

ಅಣ್ಣನ ಹಾಳೆಯಲ್ಲಿ ಇನ್ನೆರಡು ತೊಡಕಿದ್ದವು. ಮೊದಲನೆಯದು ತಮಾಷೆಯಾಗಿದೆ. ಹಳೇ ಸರಣಿ 2012-13ರಿಂದ, ಹೊಸದು 2017-18ರಿಂದ. ಎರಡನ್ನೂ ಜೋಡಿಸುವಾಗ ಅವರು ಏರಿಕೆಗಳನ್ನು ಕೂಡಿದ್ದರು. ಸುಮ್ನೆ ಉದಾಹರಣೆಗೆ, ಹಳೇದು 100ರಿಂದ 140 ಆಯಿತು, ಹೊಸದು 100ರಿಂದ 150 ಆಯಿತು ಅಂದುಕೊಳ್ಳಿ. 40, 50 ಕೂಡಿ ಶೇ 90 ಏರಿತು ಅನ್ನುವ ಹಾಗಿಲ್ಲ. 1.4ನ್ನು 1.5ರಿಂದ ಗುಣಿಸಬೇಕು. 2.1 ಬರುತ್ತದೆ, ಅಂದರೆ ಶೇ 110. ಕೂಡಿದ್ದರಿಂದ ಅಣ್ಣ ತಮಗೆ ತಾವೇ ನಷ್ಟ ಮಾಡಿಕೊಂಡಿದ್ದರು. ಇದನ್ನು ತೋರಿಸಿದಾಗ ತಮ್ಮನಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

ಎರಡನೆಯದು ಗಂಭೀರ. ಕೊನೆಯ ಎರಡು ವರ್ಷಕ್ಕೆ ಸೂಚ್ಯಂಕ ಬಿಟ್ಟು ಮೊಬೈಲಿನ ಜಾಹೀರಾತು ದರ ಹಾಕಿದ್ದರು. "ವಿಮಾನ ನಿಲ್ದಾಣ ಬಂದಿದೆ, ರೇಟು ಡಬಲ್ ಆಗಿದೆ" ಅನ್ನುವುದು ಅವರ ವಾದ. ಸೋಗಾನೆಯ ನಿಲ್ದಾಣ ಉದ್ಘಾಟನೆ ಆದದ್ದು 2023ರ ಫೆಬ್ರವರಿ 27ಕ್ಕೆ. ಆ ಕಡೆಯ ಹೊಸ ಲೇಔಟುಗಳ ಬೋರ್ಡಿನ ಮೇಲೆ ಬೆಲೆ ಜಿಗಿದದ್ದು ಹೌದು. ಆದರೆ ಬೋರ್ಡಿನ ಬೆಲೆ ಮಾರುವವರ ಆಸೆ. ಕೈಗೆ ದುಡ್ಡು ಬರುವ ಹೊತ್ತಿಗೆ ಅದು ಎಷ್ಟೋ ಇಳಿದಿರುತ್ತದೆ. ಮಾರಾಟವೇ ಆಗದ ಸೈಟಿನ ಬೋರ್ಡು ಮೂರು ವರ್ಷ ನಿಂತೇ ಇರುತ್ತದೆ, ಮೂರು ವರ್ಷವೂ ಲೆಕ್ಕಕ್ಕೆ ಸೇರುತ್ತದೆ. ಕೇಳುವ ಬೆಲೆ, ಮೌಲ್ಯಮಾಪನದ ಬೆಲೆ, ಪತ್ರದ ಬೆಲೆ ಇವು ಬೇರೆ ಬೇರೆ ಜಾತಿ. ಒಂದೇ ಸರಣಿಯಲ್ಲಿ ಬೆರೆಸಿದರೆ ಏರಿಕೆ ಯಾವುದು, ಜಾತಿ ಬದಲಾದದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಅಕ್ಕನ ಸುದ್ದಿ

ಹಿಂದಿನ ಅಡ್ಡರಸ್ತೆಯ ಮನೆ 1 ಕೋಟಿ 65 ಲಕ್ಷಕ್ಕೆ ಹೋದದ್ದು ನಿಜವೇ. ಹೋಗಿ ನೋಡಿದೆ. 40×60 ಸೈಟು, 22 ಚದರದ ಹೊಸ ಎರಡಂತಸ್ತಿನ ಮನೆ. ಮೆಟ್ಟಿಲಿಗೆ ಗ್ರಾನೈಟು, ಕಾರು ನಿಲ್ಲಿಸಲು ಜಾಗ. ಈ ಮನೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಅಕ್ಕ ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಒಂದೆರಡು ಮನೆ ಬೇಡ, ಬಡಾವಣೆಯ ಎಲ್ಲಾ ಮಾರಾಟದ ಸರಾಸರಿ ತೆಗೀರಿ. ಆಗಿನ ಸರಾಸರಿ, ಈಗಿನ ಸರಾಸರಿ. ಮುಗೀತಲ್ಲ?" ಸೂಚ್ಯಂಕ ಮಾಡುವವರೆಲ್ಲ ಮೊದಲು ಎಡವುವುದು ಇಲ್ಲೇ. ಅವರಿಗೆ ಕಾಗದದ ಮೇಲೆ ಹೀಗೆ ಬರೆದು ತೋರಿಸಿದೆ.

ಒಂದು ಬಡಾವಣೆಯಲ್ಲಿ ಒಂದು ವರ್ಷ 10 ಮನೆ ಮಾರಾಟ ಆದವು. 8 ಚಿಕ್ಕವು, ತಲಾ 30 ಲಕ್ಷ. 2 ದೊಡ್ಡವು, ತಲಾ 80 ಲಕ್ಷ. ಸರಾಸರಿ 40 ಲಕ್ಷ. ಕೆಲವು ವರ್ಷ ಬಿಟ್ಟು ಮತ್ತೆ 10 ಮಾರಾಟ. ಈಗ ಚಿಕ್ಕವು 4, ತಲಾ 36 ಲಕ್ಷ. ದೊಡ್ಡವು 6, ತಲಾ 96 ಲಕ್ಷ. ಸರಾಸರಿ 72 ಲಕ್ಷ. ಸರಾಸರಿ ಶೇ 80 ಏರಿದೆ. ಆದರೆ ಚಿಕ್ಕ ಮನೆ ಏರಿದ್ದು ಶೇ 20, ದೊಡ್ಡದು ಏರಿದ್ದೂ ಶೇ 20. ಉಳಿದ ಏರಿಕೆ ಎಲ್ಲಿಂದ ಬಂತು? ಬೆಲೆಯಿಂದ ಅಲ್ಲ. ದೊಡ್ಡ ಮನೆಗಳು ಜಾಸ್ತಿ ಮಾರಾಟ ಆದವು, ಅಷ್ಟೇ.

ಸರ್ಕಾರಿ ಸೂಚ್ಯಂಕಗಳು ಇದಕ್ಕೆ ಹುಡುಕಿಕೊಂಡ ಸರಳ ಮದ್ದು, ಮನೆಗಳನ್ನು ಗುಂಪು ಮಾಡುವುದು. ರೆಸಿಡೆಕ್ಸ್‌ನಲ್ಲಿ 60 ಚದರ ಮೀಟರ್‌ವರೆಗಿನದು ಸಣ್ಣದು, 60ರಿಂದ 110ರವರೆಗೆ ಮಧ್ಯಮ, ಅದಕ್ಕೂ ಮೇಲಿನದು ದೊಡ್ಡದು. ರಿಸರ್ವ್ ಬ್ಯಾಂಕಿನದ್ದೂ ಸಣ್ಣ, ಮಧ್ಯಮ, ದೊಡ್ಡ ಅಂತಲೇ. ಆಧಾರ ವರ್ಷದಲ್ಲಿ ಯಾವ ಗುಂಪಿನ ತೂಕ ಎಷ್ಟಿತ್ತೋ ಅದನ್ನೇ ಕಟ್ಟಿಹಾಕಿ, ಬೆಲೆ ಮಾತ್ರ ಬದಲಿಸುತ್ತಾ ಹೋಗುತ್ತಾರೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಎಟಿಯೆನ್ ಲಾಸ್ಪೇರ್ಸ್ ಹೆಸರಿನ ಸೂತ್ರ ಇದು, 19ನೇ ಶತಮಾನದ್ದು. ಮೇಲಿನ ಉದಾಹರಣೆಯಲ್ಲಿ 8ಕ್ಕೆ 2 ಅನ್ನುವ ಹಳೇ ತೂಕವನ್ನೇ ಹಿಡಿದರೆ ಹೊಸ ಬೆಲೆಯಲ್ಲಿ ಸರಾಸರಿ 48 ಲಕ್ಷ. 40ರಿಂದ 48, ಅಂದರೆ ಶೇ 20. ಸರಿಹೋಯಿತು.

ಪೂರ್ತಿ ಸರಿಹೋಗುವುದಿಲ್ಲ ಅನ್ನುವುದಕ್ಕೆ ತಮ್ಮನ ಶೀಟೇ ಸಾಕ್ಷಿ. 9 ಚದರದ, ಅಂದರೆ ಸುಮಾರು 84 ಚದರ ಮೀಟರಿನ ಈ ಮನೆ 2013ರಲ್ಲೂ ಮಧ್ಯಮ ಗುಂಪು, ಈಗಲೂ ಮಧ್ಯಮ. ಶೀಟು, ಬಚ್ಚಲು ಯಾವ ಗುಂಪಿಗೂ ಕಾಣುವುದಿಲ್ಲ. ಆದರೆ ಕೊಳ್ಳುವವರು ಅದಕ್ಕೆ ದುಡ್ಡು ಕೊಡುತ್ತಾರೆ. ಅದು ಬೆಲೆ ಏರಿಕೆಯ ಹಾಗೆ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ಅಧಿಕೃತ ಸೂಚ್ಯಂಕ ಇದನ್ನು ತಪ್ಪಿಸಲು ಪ್ರತಿ ಮಾರಾಟದ ಬೆಲೆಯನ್ನು ಮನೆಯ ಗುಣಗಳಾಗಿ ಬಿಡಿಸುತ್ತದೆ. ಅಳತೆ ಎಷ್ಟು, ಎಂಥ ಮನೆ, ಯಾವ ಊರು, ಹೊಸದೋ ಹಳೆಯದೋ. ಪ್ರತಿ ಗುಣಕ್ಕೆ ಎಷ್ಟು ಬೆಲೆ ಅಂತ ಅಂಕಿಗಳಿಂದಲೇ ತಿಳಿದುಕೊಂಡು, ಗುಣ ಬದಲಾಗದ ಮನೆಯ ಬೆಲೆ ಎಷ್ಟು ಏರಿತು ಅಂತ ನೋಡುತ್ತದೆ. ಇಲ್ಲಿ ಅದನ್ನು ಮಾಡುವುದಾದರೆ ಬಾಗಿಲಿನ ದಿಕ್ಕನ್ನೂ ಸೇರಿಸಬೇಕು. ಪೂರ್ವದ ಬಾಗಿಲಿಗೂ ದಕ್ಷಿಣದ ಬಾಗಿಲಿಗೂ ನಮ್ಮಲ್ಲಿ ಬೆಲೆ ಬೇರೆ. ನಂಬಿಕೆ ಇರಲಿ ಬಿಡಲಿ, ನಾನೂ ವರದಿಯಲ್ಲಿ ದಿಕ್ಕು ಬರೆಯುತ್ತೇನೆ.

ಸಬ್ ರಿಜಿಸ್ಟ್ರಾರ್ ದರ

ಮೂವರೂ ಒಂದು ಹಂತದಲ್ಲಿ "ಗೈಡೆನ್ಸ್ ವ್ಯಾಲ್ಯೂ ಇದೆಯಲ್ಲ, ಅದನ್ನೇ ಹಿಡಿಯೋಣ" ಅಂದರು. ರಸ್ತೆ ರಸ್ತೆಗೂ ಇದೆ, ಸರ್ಕಾರದ್ದೇ, ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಕೇಳಲು ಚೆನ್ನಾಗಿದೆ. ನನಗೆ ಇದು ಮೂರೂ ಲೆಕ್ಕಗಳಿಗಿಂತ ಜಾಸ್ತಿ ಅಪಾಯ ಅನಿಸಿತು.

ಗೈಡೆನ್ಸ್ ವ್ಯಾಲ್ಯೂ, ಅಂದರೆ ಮಾರ್ಗಸೂಚಿ ದರ, ಇರುವುದು ಮುದ್ರಾಂಕ ಶುಲ್ಕ ವಸೂಲಿಗೆ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 45-ಬಿ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಇದೆ, ಅದರ ಕೆಳಗೆ ಉಪಸಮಿತಿಗಳು ದರ ಗೊತ್ತು ಮಾಡುತ್ತವೆ. ಇದಕ್ಕಿಂತ ಕಡಿಮೆ ಬೆಲೆ ತೋರಿಸಿ ನೋಂದಣಿ ಮಾಡಿಸಿದರೆ 45-ಎ ಅಡಿ ಪ್ರಶ್ನೆ ಬರುತ್ತದೆ. ದರ ಪ್ರತಿ ತಿಂಗಳೂ ಬದಲಾಗುವುದಿಲ್ಲ. ಕೆಲವು ವರ್ಷ ಹಾಗೇ ಕೂತಿದ್ದು ಒಮ್ಮೆಲೇ ಜಿಗಿಯುತ್ತದೆ. ರಾಜ್ಯದಲ್ಲಿ ಈಚಿನ ದೊಡ್ಡ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ಕ್ಕೆ. ಅದಕ್ಕೂ ಮುಂಚೆ, 2022ರ ಜನವರಿಯಿಂದ ಕೆಲವು ತಿಂಗಳು, ಕೋವಿಡ್ ನಂತರ ನೋಂದಣಿ ಹೆಚ್ಚಲಿ ಅಂತ ಸರ್ಕಾರ ದರವನ್ನು ಶೇ 10 ಇಳಿಸಿತ್ತು. ಆಗ ವಿನೋಬನಗರದ ಯಾವ ಮಾಲೀಕರೂ ತಮ್ಮ ಸೈಟನ್ನು ಶೇ 10 ಕಡಿಮೆಗೆ ಕೊಡಲಿಲ್ಲ. ಮಾರ್ಗಸೂಚಿ ದರದಿಂದ ಸೂಚ್ಯಂಕ ಮಾಡಿದರೆ 2022ರಲ್ಲಿ ಬೆಲೆ ಕುಸಿಯಿತು, 2023ರ ಅಕ್ಟೋಬರಿನಲ್ಲಿ ರಾತ್ರೋರಾತ್ರಿ ಏರಿತು ಅಂತ ಬರುತ್ತದೆ. ಅದು ಬೆಲೆಯ ಚರಿತ್ರೆ ಅಲ್ಲ, ಸುತ್ತೋಲೆಗಳ ಚರಿತ್ರೆ.

ಇದರಲ್ಲೇ ಇನ್ನೊಂದು ಸಿಕ್ಕು ಇದೆ. ಶುಲ್ಕ ಉಳಿಸಲು ಜನ ಪತ್ರದಲ್ಲಿ ಬರೆಸುವುದು ಮಾರ್ಗಸೂಚಿ ದರಕ್ಕೆ ಹತ್ತಿರದ ಬೆಲೆ. ಉಳಿದದ್ದು ಕೈಯಿಂದ ಕೈಗೆ. ಹಾಗಾಗಿ ಪತ್ರದ ಬೆಲೆಗಳಿಂದ ಮಾಡಿದ ಯಾವ ಸೂಚ್ಯಂಕವಾದರೂ ಸ್ವಲ್ಪ ಮಟ್ಟಿಗೆ ಮಾರ್ಗಸೂಚಿ ದರವನ್ನೇ ಅಳೆಯುತ್ತಿರುತ್ತದೆ. ಬ್ಯಾಂಕಿನ ಮೌಲ್ಯಮಾಪನಕ್ಕೆ ಈ ರೋಗ ಕಡಿಮೆ, ಆದರೆ ಅದಕ್ಕೆ ಅದರದ್ದೇ ರೋಗ ಇದೆ. ಸಾಲ ಇಲ್ಲದ ಮಾರಾಟ ಅದಕ್ಕೆ ಕಾಣುವುದೇ ಇಲ್ಲ. ಅಡಿಕೆ ದುಡ್ಡಿನಲ್ಲಿ ಪೂರ್ತಿ ಕೊಟ್ಟು ಕೊಂಡ ಮನೆಗೆ ಬ್ಯಾಂಕು ಯಾಕೆ ಬರುತ್ತದೆ? ನಾವು ಬೆಲೆ ಬರೆಯುವವರೂ ಕೈ ಬಿಗಿ. ಏರುವಾಗ ನಿಧಾನಕ್ಕೆ ಏರಿಸುತ್ತೇವೆ, ಇಳಿಯುವಾಗ ತಡವಾಗಿ ಇಳಿಸುತ್ತೇವೆ.

ಕೊನೆಗೆ ಮಾಡಿದ್ದು

ಸೂಚ್ಯಂಕ ಇಲ್ಲದ ಊರಲ್ಲಿ ಸೂಚ್ಯಂಕದ ಬುದ್ಧಿಯನ್ನಾದರೂ ಬಳಸಬಹುದು ಅಂತ ಹೇಳಿದೆ. ಅತ್ಯಂತ ಸ್ವಚ್ಛವಾದ ಉಪಾಯ, ಒಂದೇ ಮನೆ ಎರಡು ಸಲ ಮಾರಾಟ ಆದದ್ದನ್ನು ಹುಡುಕುವುದು. ಮನೆ ಅದೇ ಆದ್ದರಿಂದ ದಿಕ್ಕು, ಅಳತೆ, ರಸ್ತೆ ಯಾವುದನ್ನೂ ಹೊಂದಿಸಬೇಕಿಲ್ಲ. 1963ರಲ್ಲಿ ಬೈಲಿ, ಮೂತ್, ನೌರ್ಸ್ ಅನ್ನುವ ಅಮೆರಿಕದ ಮೂವರು ಇದಕ್ಕೆ ಗಣಿತ ಕೊಟ್ಟರು. 1980ರ ದಶಕದಲ್ಲಿ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಅದನ್ನು ಬೆಳೆಸಿದರು. ಆಮ್ಸ್ಟರ್‌ಡ್ಯಾಮಿನ ಹೆರೆನ್‌ಗ್ರಾಹ್ಟ್ ಕಾಲುವೆ ಬದಿಯ ಮನೆಗಳಿಗೆ ಇದೇ ಬಗೆಯಲ್ಲಿ 1628ರಿಂದ 1973ರವರೆಗಿನ ಸೂಚ್ಯಂಕವನ್ನು ಪೀಟ್ ಐಕ್‌ಹೋಲ್ಟ್ಸ್ ಅನ್ನುವವರು ಮಾಡಿದ್ದಾರೆ. ಅಲ್ಲಿ ಮೂರು ಶತಮಾನ ಮನೆಗಳು ಹಾಗೇ ನಿಂತಿದ್ದವು. ನಮ್ಮಲ್ಲಿ ಹತ್ತು ವರ್ಷಕ್ಕೆ ಒಂದು ಮಹಡಿ ಏಳುತ್ತದೆ.

ತಮ್ಮ ಮತ್ತು ನಾನು ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿ ವಿಚಾರಿಸಿ, ಆಸ್ತಿಯ ಹಿಂದಿನ ನೋಂದಣಿಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ ನೋಡಿದೆವು. 2013ರ ಆಸುಪಾಸಿನಲ್ಲಿ ಒಮ್ಮೆ, ಈಚೆಗೆ ಒಮ್ಮೆ ಮಾರಾಟ ಆದ ಆಸ್ತಿ ಐದು ಸಿಕ್ಕವು. ಒಂದಕ್ಕೆ ಮಧ್ಯದಲ್ಲಿ ಮಹಡಿ ಎದ್ದಿತ್ತು, ಬಿಟ್ಟೆವು. ಇನ್ನೊಂದು ಭಾವ ಬಾಮೈದನ ನಡುವಿನ ವ್ಯವಹಾರ, ಅದನ್ನೂ ಬಿಟ್ಟೆವು. ಉಳಿದದ್ದು ಮೂರು. ಪತ್ರದ ಬೆಲೆ ನಂಬದೆ ಕೊಟ್ಟವರನ್ನೂ ಕೊಂಡವರನ್ನೂ ಕೇಳಿದೆವು. ಊರು ಚಿಕ್ಕದು, ಸೋಫಾ ಮೇಲೆ ಕೂತು ಕಾಫಿ ಕುಡಿದರೆ ನಿಜ ಬೆಲೆ ಹೇಳುತ್ತಾರೆ.

ಮೊದಲನೇ ಮನೆ 2012ರಲ್ಲಿ 28 ಲಕ್ಷ, 2024ರಲ್ಲಿ 66 ಲಕ್ಷ. ವರ್ಷಕ್ಕೆ ಸುಮಾರು ಶೇ 7.4. ಎರಡನೇ ಮನೆ 2014ರಲ್ಲಿ 40 ಲಕ್ಷ, 2025ರಲ್ಲಿ 92 ಲಕ್ಷ. ವರ್ಷಕ್ಕೆ ಶೇ 7.9. ಮೂರನೆಯದು ಓಣಿಯ ಒಳಗಿನ ಖಾಲಿ ಸೈಟು, 30×40. 2013ರಲ್ಲಿ 18 ಲಕ್ಷ, 2025ರಲ್ಲಿ 47 ಲಕ್ಷ. ವರ್ಷಕ್ಕೆ ಶೇ 8.3. ಸೈಟು ಮನೆಗಳಿಗಿಂತ ಜಾಸ್ತಿ ಏರಿದ್ದು ಯಾಕೆ ಅಂತ ಅಕ್ಕ ಕೇಳಿದರು. ಜಾಗ ಸವೆಯುವುದಿಲ್ಲ, ಗೋಡೆ ಸವೆಯುತ್ತದೆ. ಮನೆಯ ಬೆಲೆಯಲ್ಲಿ ಏರುವ ಜಾಗವೂ ಇಳಿಯುವ ಕಟ್ಟಡವೂ ಒಟ್ಟಿಗೇ ಇರುತ್ತವೆ.

ಅದಕ್ಕೇ ಎರಡನ್ನೂ ಬೇರೆ ಮಾಡಿದೆವು. 2013ರಲ್ಲಿ ಕಟ್ಟುವ ಖರ್ಚು ಚದರಡಿಗೆ 1,200 ಅಂತ ಹಿಡಿದು, ತಾರಸಿ ಮನೆಗೆ 60 ವರ್ಷ ಆಯಸ್ಸು ಅಂದರೆ, 24 ವರ್ಷ ಹಳೆಯ 900 ಚದರಡಿಗೆ ಉಳಿದ ಬೆಲೆ 6.5 ಲಕ್ಷ. 36ರಲ್ಲಿ ಅದನ್ನು ಕಳೆದರೆ ಜಾಗಕ್ಕೆ 29.5 ಲಕ್ಷ. ಖಾಲಿ ಸೈಟು 2.61 ಪಟ್ಟು ಆಗಿದೆ. ಅದೇ ಪಟ್ಟಿನಲ್ಲಿ ಈ ಜಾಗ 77 ಲಕ್ಷ. ಗಮನಿಸಿ, ಓಣಿಯ ಸೈಟಿನ ದರವನ್ನು ತಂದು ಇಲ್ಲಿ ಹಾಕಲಿಲ್ಲ. ಆ ಸೈಟು ಚದರಡಿಗೆ 3,900ರ ಹತ್ತಿರ, ಇದು 5,100 ದಾಟುತ್ತದೆ, ಯಾಕೆಂದರೆ ರಸ್ತೆ ಅಗಲ. ತಂದದ್ದು ಏರಿಕೆಯನ್ನು ಮಾತ್ರ. ಸೂಚ್ಯಂಕ ಕೊಡುವುದೂ ಅದನ್ನೇ. ಕಟ್ಟಡಕ್ಕೆ ಈಗ ಚದರಡಿಗೆ 2,000, ಉಳಿದ ಆಯಸ್ಸು 24 ವರ್ಷ, ಅಂದರೆ 7.2 ಲಕ್ಷ. ಒಟ್ಟು 84.2 ಲಕ್ಷ.

ತಮ್ಮನಿಗೆ ಒಂದು ಅನುಮಾನ ಉಳಿದಿತ್ತು. "ನಾನು ಹಾಕ್ಸಿದ ಶೀಟಿಗೂ ಅಣ್ಣಂಗೆ ಪಾಲು ಕೊಡ್ಬೇಕಾ?" ಇಲ್ಲ. ಲೆಕ್ಕ ಹಾಕಿದ್ದು 2013ರಲ್ಲಿ ಇದ್ದ ಹಾಗಿನ ಮನೆಗೆ. ಶೀಟು, ಬಚ್ಚಲು ಅದರಲ್ಲಿ ಸೇರಿಲ್ಲ, ಕಳೆಯುವ ಮಾತೂ ಇಲ್ಲ.

ಅಕ್ಕನ 1 ಕೋಟಿ 65 ಲಕ್ಷದ ಮನೆಯೂ ವ್ಯರ್ಥ ಆಗಲಿಲ್ಲ. 2,200 ಚದರಡಿ ಹೊಸ ಕಟ್ಟಡಕ್ಕೆ 44 ಲಕ್ಷ ಕಳೆದರೆ 2,400 ಚದರಡಿ ಜಾಗಕ್ಕೆ 1 ಕೋಟಿ 21 ಲಕ್ಷ ಉಳಿಯುತ್ತದೆ. ಚದರಡಿಗೆ 5,040. ಆ ದರದಲ್ಲಿ ಈ ಜಾಗ 75.6 ಲಕ್ಷ. ನಮ್ಮ 77ಕ್ಕೆ ಹತ್ತಿರವೇ. ಸುದ್ದಿ ಸರಿ ಇತ್ತು, ಓದಿದ ರೀತಿ ಮಾತ್ರ ಬೇರೆಯಾಗಬೇಕಿತ್ತು.

ಮೂರು ಮಾರಾಟದಿಂದ ಸೂಚ್ಯಂಕ ಆಗುವುದಿಲ್ಲ. ಹಾಗಂತ ಅವರಿಗೆ ಸ್ಪಷ್ಟವಾಗಿ ಹೇಳಿದೆ. ಮೊದಲ ಎರಡು ಮನೆಗಳ ವಾರ್ಷಿಕ ಏರಿಕೆಯನ್ನೇ ಇಡೀ 36 ಲಕ್ಷಕ್ಕೆ ಹಾಕಿದರೆ 85ರಿಂದ 89 ಲಕ್ಷ ಬರುತ್ತದೆ. ಹಾಗಾಗಿ 84ರಿಂದ 89ರ ಒಳಗೆ ಎಲ್ಲೋ ಒಂದು ಕಡೆ ಅಂತ ಬರೆದುಕೊಟ್ಟೆ. 61 ಅಲ್ಲ, 1 ಕೋಟಿ 8 ಅಲ್ಲ. ಮೂವರೂ ಸಾಗರದಲ್ಲಿ ಅಕ್ಕನ ಮನೆಯಲ್ಲಿ ಕೂತು 87ಕ್ಕೆ ಒಪ್ಪಿದರು. ತಲಾ 29 ಲಕ್ಷ. ಮೂರರಿಂದ ಸರಿಯಾಗಿ ಭಾಗ ಹೋಗುತ್ತದೆ ಅನ್ನುವುದೂ ಒಂದು ಕಾರಣ ಇರಬೇಕು.

ತಮ್ಮ ಕೊಡಬೇಕಾದದ್ದು 58 ಲಕ್ಷ. ಬ್ಯಾಂಕಿನಿಂದ 45 ಲಕ್ಷ ಸಾಲ ಎತ್ತಿದರು. ಅದರಲ್ಲಿ ಅಣ್ಣನಿಗೆ ಪೂರ್ತಿ 29, ಅಕ್ಕನಿಗೆ 16. ಅಕ್ಕನ ಬಾಕಿ 13 ಲಕ್ಷ ಎರಡು ವರ್ಷದಲ್ಲಿ. ಅದಕ್ಕೂ "ಬೆಲೆ ಏರಿದ ಹಾಗೆ ಏರಿಸಿ" ಅಂತ ಸೇರಿಸೋಣವೇ ಅಂತ ಮಾತು ಬಂತು. ಬೇಡ ಅಂದೆ. ಬ್ಯಾಂಕ್ ಠೇವಣಿಯ ಬಡ್ಡಿ ದರ ಅಂತ ಬರೆದುಕೊಂಡರು. ಬಾಕಿ ಇರುವುದು ದುಡ್ಡು, ಮನೆ ಅಲ್ಲವಲ್ಲ.

ಸಾಲಕ್ಕೆ ಮೌಲ್ಯಮಾಪನ ನಾನು ಮಾಡುವ ಹಾಗಿರಲಿಲ್ಲ, ಆಗಲೇ ಈ ವ್ಯವಹಾರದಲ್ಲಿ ಕೈ ಹಾಕಿದ್ದೆ. ಬ್ಯಾಂಕು ಬೇರೆಯವರನ್ನು ಕಳಿಸಿತು. ಅವರು ಶೀಟು, ಬಚ್ಚಲು ಎಲ್ಲ ಸೇರಿಸಿಯೂ 76 ಲಕ್ಷ ಬರೆದರು. ತಮ್ಮ ಗಾಬರಿಯಾಗಿ ಫೋನ್ ಮಾಡಿದರು, 11 ಲಕ್ಷ ಜಾಸ್ತಿ ಕೊಟ್ಟುಬಿಟ್ಟೆನಾ ಅಂತ. ಬ್ಯಾಂಕಿನ ಪ್ರಶ್ನೆ ಬೇರೆ ಅಂತ ಹೇಳಿದೆ: ನಾಳೆ ಕಂತು ನಿಂತು, ಅವಸರದಲ್ಲಿ ಮಾರಬೇಕಾಗಿ ಬಂದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು. ಆ ಪ್ರಶ್ನೆಗೆ ನಾನಾದರೂ 76ರ ಹತ್ತಿರವೇ ಬರೆಯುತ್ತಿದ್ದೆ.